ಒಂದು ಲೋಟ ಕೊಟ್ಟು ನೋಡು

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ಬರೆಯುವುದು ತಡವಾಯಿತು, ಕೆಲಸ ಹೆಚ್ಚಿತ್ತು, ಬೈಯಬೇಡ. ಫೋನ್ ಮಾಡೋಣವೆಂದರೆ ನಿಮ್ಮಪ್ಪ ಬಿಡಲಿಲ್ಲ. "ಫೋನಲ್ಲಿ ನೀನು ಮಾತಾಡಲ್ಲ, ಆರ್ಡರ್ ಕೊಡ್ತೀಯ. ಕಾಗದ ಬರಿ, ಅವಳಿಗೂ ಉಸಿರಾಡೋಕೆ ಪುರಸೊತ್ತು ಸಿಗುತ್ತೆ" ಎಂದರು.

ನಿನ್ನ ವಿಷಯ ಹೇಳಿದ್ದೂ ಅವರೇ. ಆಪರೇಷನ್ ನಡುವೆ ಆ ಅಜ್ಜಿಯ ಬಿ.ಪಿ. ಇಳಿದದ್ದು, ಸರ್ಜನ್ ಕೂಗಾಡಿದ್ದಕ್ಕೆ ನೀನು ಹೆದರಿ ಬಾಟಲಿ ಮೇಲೆ ಬಾಟಲಿ ಡ್ರಿಪ್ ಹರಿಸಿದ್ದು, ಶ್ವಾಸಕೋಶದಲ್ಲಿ ನೀರು ತುಂಬಿ ಆಕೆಯನ್ನು ಉಸಿರಾಟದ ಯಂತ್ರಕ್ಕೆ ಹಾಕಬೇಕಾಗಿ ಬಂದದ್ದು. ಅಜ್ಜಿ ಈಗ ಎದ್ದು ಕೂತು ಸೊಸೆಯನ್ನು ಗದರುತ್ತಿದ್ದಾರಂತೆ. ನೀನು ಮಾತ್ರ ಅಂದಿನಿಂದ ಅನ್ನ ನಿದ್ದೆ ಬಿಟ್ಟಿದ್ದೀಯಂತೆ, ಥಿಯೇಟರಿನೊಳಗೆ ಕಾಲಿಟ್ಟಿಲ್ಲ, ಅರಿವಳಿಕೆಯ ಕೆಲಸವನ್ನೇ ಬಿಡುತ್ತೀಯಂತೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೇನೇ?

ಉಪದೇಶ ಮಾಡುವುದಿಲ್ಲ. (ಮಾಡುತ್ತೇನೆ, ಆದರೆ ಕತೆಯೊಳಗೆ ಬಚ್ಚಿಟ್ಟು.)

ಗುರುವಾರ ನಮ್ಮ ಆಸ್ಪತ್ರೆಯಲ್ಲಿ ಒಬ್ಬ ಬಸ್ ಡ್ರೈವರಿಗೆ ಕರುಳಿನ ಗೆಡ್ಡೆ ತೆಗೆಯುವ ದೊಡ್ಡ ಆಪರೇಷನ್. ಅರಿವಳಿಕೆ ನನ್ನದು, ಸರ್ಜನ್ ನಮ್ಮ ಗುಡುಗಪ್ಪ. ಹೆಸರು ನಾನಿಟ್ಟದ್ದು, ಅವರಿಗೂ ಗೊತ್ತು. ನಿದ್ದೆಯ ಔಷಧಿ ಕೊಡುವ ಮುಂಚೆ ಡ್ರೈವರ್ ನನ್ನ ಕೈ ಹಿಡಿದು, "ಮೇಡಂ, ನಾನು ಸ್ಟಿಯರಿಂಗ್ ಯಾರಿಗೂ ಕೊಟ್ಟೋನಲ್ಲ" ಎಂದ. "ಇವತ್ತು ಹಿಂದಿನ ಸೀಟಲ್ಲಿ ನಿದ್ದೆ ಮಾಡಿ, ನಾನು ಓಡಿಸ್ತೀನಿ" ಎಂದೆ. ನಗುತ್ತಲೇ ನಿದ್ದೆಗೆ ಜಾರಿದ.

ಹೊಟ್ಟೆ ತೆರೆದ ಸ್ವಲ್ಪ ಹೊತ್ತಿಗೆ ಬಿ.ಪಿ. ಇಳಿಯಿತು. ಒಂದು ಲೋಟದಷ್ಟು ಡ್ರಿಪ್ ಬೇಗ ಹರಿಸಿ, ಹೃದಯ ಒಂದೊಂದು ಬಡಿತಕ್ಕೆ ಎಷ್ಟು ರಕ್ತ ತಳ್ಳುತ್ತಿದೆ ಎಂದು ಮಾನಿಟರಿನಲ್ಲಿ ನೋಡಿದೆ. ಅಂಕಿ ಏರಿತು. ಅಂದರೆ ದೇಹ ಬಾಯಾರಿತ್ತು. ಇನ್ನೊಂದು ಲೋಟ ಕೊಟ್ಟೆ, ಈ ಸಲ ಅಂಕಿ ಕದಲಲಿಲ್ಲ. ಬಿ.ಪಿ. ಸರಿಹೋಗಿತ್ತು, ಅಲ್ಲಿಗೆ ನಿಲ್ಲಿಸಿದೆ.

ಗೆಡ್ಡೆ ಹೊರಬರುವ ಹೊತ್ತಿಗೆ ಬಿ.ಪಿ. ಮತ್ತೆ ಕುಸಿಯಿತು. ಪರದೆಯಾಚೆಯಿಂದ ಗುಡುಗು: "ಏನ್ರೀ ನೋಡ್ತಾ ಕೂತಿದ್ದೀರಿ? ಡ್ರಿಪ್ ಪೂರ್ತಿ ಬಿಡಿ!" ಸಿಸ್ಟರ್ ಆಗಲೇ ಎರಡೂ ಕೈಯಲ್ಲಿ ಬಾಟಲಿ ಹಿಡಿದು ನಿಂತಿದ್ದಳು. ನಾನೂ ಹೆದರಿದೆ, ಸುಳ್ಳೇಕೆ ಹೇಳಲಿ. ರಕ್ತವೇನಾದರೂ ಹೋಗಿದೆಯೇ ಎಂದು ರಕ್ತ ಹೀರುವ ಡಬ್ಬಿ, ಒದ್ದೆ ಬಟ್ಟೆ ಎಲ್ಲ ನೋಡಿದೆ. ಹೆಚ್ಚೇನೂ ಇರಲಿಲ್ಲ. ಮತ್ತೆ ಒಂದೇ ಒಂದು ಲೋಟ ಕೊಟ್ಟು ಕಾದೆ. ಅಂಕಿ ಏರಲಿಲ್ಲ. ಆತನಿಗೆ ನೀರು ಸಾಕಾಗಿತ್ತು, ಸಡಿಲವಾಗಿದ್ದದ್ದು ರಕ್ತನಾಳ. ಅದನ್ನು ಬಿಗಿ ಮಾಡುವ ಔಷಧಿ ಶುರು ಮಾಡಿದೆ.

"ಡಾಕ್ಟ್ರೇ, ಅತಿಯಾದರೆ ಅಮೃತವೂ ವಿಷ. ನಿಮ್ಮ ಹೊಲಿಗೆ ನೀವು ನೋಡ್ಕೊಳ್ಳಿ, ನನ್ನ ನೀರು ನಾನು ನೋಡ್ಕೋತೀನಿ" ಎಂದೆ. ಬಿ.ಪಿ. ನಿಧಾನಕ್ಕೆ ಮೇಲೆ ಬಂತು.

ನೀರು ಹೆಚ್ಚಾಗದ್ದರಿಂದ ಕರುಳು ಊದಿರಲಿಲ್ಲ, ಹೊಲಿಗೆ ಸಲೀಸಾಗಿ ಕೂತಿತು. ಹೊಗಳುವುದು ಗುಡುಗಪ್ಪನ ಜಾತಕದಲ್ಲೇ ಇಲ್ಲ. ಕೈಗವಸು ಕಳಚುತ್ತ, "ಟೀ ಕುಡೀತೀರಾ, ಇಲ್ಲಾ ಅದನ್ನೂ ಅಳೆದೇ ಕುಡಿಯೋದಾ?" ಎಂದರು. ನಿನ್ನೆ ಡ್ರೈವರ್ ವಾರ್ಡಿನಲ್ಲಿ ಗೋಡೆ ಹಿಡಿದು ನಡೆದ. ನನ್ನನ್ನು ಕಂಡು, "ಗಾಡಿ ಚೆನ್ನಾಗಿ ಓಡಿಸಿದ್ರಿ ಮೇಡಂ" ಎಂದ.

ಇಷ್ಟೇ ಕಣೇ ನಮ್ಮ ವಿದ್ಯೆ. ಮಲಗಿದವರಿಗೆ ಬಾಯಾರಿಕೆಯನ್ನು ಹೇಳಿಕೊಳ್ಳಲು ಬಾಯಿಲ್ಲ. ಸ್ವಲ್ಪ ಕೊಟ್ಟು, ಕಾದು, ನೋಡಿ, ನಾವೇ ತಿಳಿಯಬೇಕು. ನೀನು ಕೊಟ್ಟೆ, ಕಾಯಲಿಲ್ಲ. ಕಾಯುವುದನ್ನು ಯಾರು ಬೇಕಾದರೂ ಕಲಿಯಬಹುದು. ರೋಗಿಗಾಗಿ ಅನ್ನ ನಿದ್ದೆ ಬಿಡುವ ಮನಸ್ಸನ್ನು ಯಾರೂ ಕಲಿಸಲಾರರು, ಅದು ನಿನಗಿದೆ. ಇದು ತಲುಪಿದ ಮರುದಿನವೇ ಥಿಯೇಟರಿಗೆ ಹೋಗಿ ನಿನ್ನ ಸ್ಟೂಲಿನ ಮೇಲೆ ಕೂರು. ಯಾರಾದರೂ ಕೂಗಾಡಿದರೆ ನೀನು ನನ್ನ ಮಗಳೆಂದು ಹೇಳು, ಸಾಕು.

ನಿನಗೆ ಒಳ್ಳೆಯದಾಗಲಿ. ನಿನ್ನ ಕಣ್ಣೆದುರು ನಿದ್ದೆಹೋದವರೆಲ್ಲ ಎದ್ದು ತಮ್ಮ ತಮ್ಮ ಮನೆ ಸೇರಲಿ.

ನಿನ್ನ
ಅಮ್ಮ

ತಾ.ಕ.: ತಡವಾದದ್ದು ಕೆಲಸದಿಂದಲ್ಲ. ಅಪ್ಪನಿಗೆ ಎಲ್ಲ ಹೇಳಿ ಮುಗಿಸಿ ನೀನು, "ಅಮ್ಮಂಗೆ ಮಾತ್ರ ಹೇಳ್ಬೇಡಪ್ಪ" ಎಂದೆಯಂತೆ. ಅದರಿಂದ ನನಗೆ ತುಂಬ ನೋವಾಯಿತು ಪುಟ್ಟಿ. ಆ ವಾರ ವಿಡಿಯೋ ಕಾಲಿನಲ್ಲಿ ನಿನ್ನ ಕಣ್ಣು ಊದಿದ್ದು ನನಗೆ ಕಂಡಿತ್ತು. ಆದರೂ ನಾನು ಕೇಳಿದ್ದು, "ತಲೆ ಬಾಚ್ಕೊಂಡಿಲ್ವೇನೇ?" ಅಂತ. ಊರವರ ಬಾಯಾರಿಕೆಯೆಲ್ಲ ತಿಳಿಯುವವಳಿಗೆ ಮನೆ ಮಗಳದು ತಿಳಿಯಲಿಲ್ಲ. ಈ ಕಾಗದ ಒಂದು ಲೋಟ ಅಷ್ಟೇ. ಇನ್ನು ಸುರಿಯುವುದಿಲ್ಲ. ಕಾಯುತ್ತಿದ್ದೇನೆ.