ಬಾಯಿ ತುಂಬ ನೀರು

ಸಿಂಧನೂರು
೧೪-೩-೨೦೨೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅವ್ವಾ,

ಕಣ್ಣಿನ ಪಟ್ಟಿ ಬಿಚ್ಚಿದ್ರೇನು? ಲಿಂಗಸುಗೂರಿನಾಗ ಆಪರೇಷನ್ ಆಗಿ ಇವತ್ತಿಗೆ ಹನ್ನೆರಡು ದಿನ. ಹೊಗಿ ಮುಂದ ಕೂಡಬ್ಯಾಡ. ಮಸ್ಕಿಯಾಗ ತಂಗಿ ರಾಜಶ್ರೀ ಮನ್ಯಾಗ ಇರೋತನಕ ಆಕಿ ಬಡಿದ ರೊಟ್ಟಿ ತಿಂದು ಸುಮ್ಮನಿರು, ದಪ್ಪ ಆಗ್ಯಾವ ಅಂತ ರೊಟ್ಟಿಗೆ ಹೆಸರಿಡಬ್ಯಾಡ. ಈ ಪತ್ರ ಆಕೀನ ಓದಿ ಹೇಳ್ತಾಳ. ರಾಜಶ್ರೀ, ನಡುನಡುವೆ ಬಿಟ್ಟು ಓದಬ್ಯಾಡವಾ. ಫೋನ್ ಇರೋವಾಗ ಪತ್ರ ಯಾಕ ಅಂತ ಕೇಳ್ತಿ, ಅವ್ವಾ. ಫೋನಿನ್ಯಾಗ ಬರೋದು ಬರೇ ದನಿ. ನನ್ನ ದನಿ ಮ್ಯಾಲ ನನಗ ಈಗ ನಂಬಿಕಿ ಇಲ್ಲ. ಅಕ್ಷರ ಇನ್ನೂ ನನ್ನವ ಅದಾವ.

ಮಂಗಳವಾರ ಸಂಜಿಗೆ ಬಸ್ಸಿನ ಕಂಡಕ್ಟರ್ ಕೈಯಾಗ ಒಂದು ಕೀಲಿ ಕಳಿಸಿದ್ದೆ, ಟ್ರಂಕಿನ್ಯಾಗ ಇಡು ಅಂತ. ಅದು ನಮ್ಮ ಅಂಗಡಿಯಾಗಿನ ಹಸಿರು ಸ್ಕೂಟಿದು. ನಿನಗ ಗೊತ್ತು, ಪಂಕ್ಚರ್ ಹಾಕ್ತಾ ಹಾಕ್ತಾ ಹಳೇ ಗಾಡಿ ಮಾರೋ ಅಂಗಡಿ ಇಟ್ಟವ ನಾನು. ಅರ್ಧ ಮಾರಿದ್ದು ಗಾಡಿ, ಅರ್ಧ ಬಾಯಿ. ಈ ಸ್ಕೂಟಿ ಎಲ್ಲೋ ಜೋರು ಬಿದ್ದು ಮುಂದಿನ ಫೋರ್ಕ್ ಸೀಳಿತ್ತು. ವೆಲ್ಡಿಂಗ್ ಶೇಕ್ಷಾವಲಿ ಬೆಸೆದು ಕೊಟ್ಟ. ಕೊಡೋವಾಗ, "ದಾನೇಲಪ್ಪ, ನೋಡಾಕ ಚಂದ ಕಾಣ್ತದ. ತಗ್ಗಿನ್ಯಾಗ ಬಿದ್ರ ಎರಡಾಗ್ತದ. ಮಾರಬ್ಯಾಡಪಾ" ಅಂದ. ನಾ ಹೂಂ ಅಂದು, ಅವ ಹ್ವಾದ ಮ್ಯಾಲ ಬೆಸೆದ ಜಾಗಕ್ಕ ಬಣ್ಣ ಹೊಡದೆ. ಇಲ್ಲಿತನಕ ಯಾವ ಸೈತಾನನೂ ಬಂದಿದ್ದಿಲ್ಲ ಅವ್ವಾ, ಬ್ರಷ್ ಹಿಡಿದದ್ದು ನನ್ನ ಕೈಯೇ.

ಮಂಗಳವಾರ ನಡುಮಧ್ಯಾಹ್ನ, ರಮಜಾನ್ ರೋಜಾದ ಮೊದಲ ದಿನ, ಗೊರೇಬಾಳದ ಜಾಹೀದ್ ಮಗಳು ಅತೀಯಾನ ಕರಕೊಂಡು ಬಂದ. ಸಾಲಗುಂದದ ಸಾಲ್ಯಾಗ ಟೀಚರ್ ಆಗ್ಯಾಳ ಹುಡುಗಿ. ಬಂದಕೂಡಲೇ ಹಸಿರು ಸ್ಕೂಟಿ ಮ್ಯಾಲ ಕೈ ಇಟ್ಲು. "ಭಾಯಿ, ಇದು ಎಲ್ಲೆರ ಬಿದ್ದದೇನು?" ಅಂದ ಜಾಹೀದ್. ಉಪವಾಸದವರ ಮುಂದ ಬ್ಯಾಡ ಅಂತ ನಾ ಆಕಡೆ ತಿರುಗಿ ನೀರು ಕುಡಿಯಾಕತ್ತಿದ್ದೆ, ಬಾಯಿ ತುಂಬ ನೀರಿತ್ತು. ಆವಾಗ ನನ್ನ ದನಿ ಮಾತಾಡ್ತು, ಅವ್ವಾ. "ಒಂದು ಗೀರು ತೋರಿಸು ಜಾಹೀದ್, ಅಂಗಡಿ ನಿನ್ನ ಹೆಸರಿಗೆ ಬರೀತೀನಿ. ಮೇಡಂ ಒಬ್ರು ಓಡಿಸಿದ್ದು, ಮಳಿ ಕಂಡಿಲ್ಲ." ಇಷ್ಟು ನಯವಾಗಿ ನಾ ಎಂದೂ ಮಾತಾಡಿದಾವಲ್ಲ. ತಿರುಗಿ ನೋಡಿದೆ. ಜಾಹೀದ್ ಹೂಂ ಹೂಂ ಅಂತ ತಲಿ ಅಲ್ಲಾಡಿಸಾಕತ್ತಿದ್ದ. ನೀರು ಇನ್ನೂ ನನ್ನ ಬಾಯಾಗ ಇತ್ತು.

ನುಂಗಿದೆ. "ಬಿದ್ದದ. ಫೋರ್ಕ್ ಬೆಸೆದದ್ದು. ಬ್ಯಾಡ" ಅಂದೆ. ಅವ ಬಿದ್ದುಬಿದ್ದು ನಕ್ಕ. "ಯಾರಿಗೆ ತೆಗೆದಿಟ್ಟೀ ಮಾರಾಯಾ? ನಿನ್ನ ಬಾಯಿಂದ ನಿನ್ನ ಗಾಡಿಗೆ ಹೆಸರಿಟ್ಟಿ ಅಂದ್ರ ಮಾಲು ಖರೇನ ಚಲೋ ಇರಬೇಕು. ಶನಿವಾರ ಬಂದು ಒಯ್ತೀನಿ, ಯಾರಿಗೂ ಕೊಡಬ್ಯಾಡ." ನನ್ನ ಸುಳ್ಳಿಗೆ ಇದ್ದ ಕಿಮ್ಮತ್ತು ನನ್ನ ಖರೇಕ್ಕ ಇಲ್ಲ. ಅದಕ್ಕ ಕೀಲಿ ನಿನ್ನ ಕಡೆ ಕಳಿಸಿದೆ. ಗುಜರಿಗೆ ಯಾಕ ಹಾಕಲಿಲ್ಲ ಅಂತಿ. ನಾಳಿ ಅಂದೆ. ಮರುದಿನವೂ ನಾಳಿ ಅಂದೆ.

ಕರ್ತನ ಪ್ರಾರ್ಥನ್ಯಾಗ ಶೋಧನೆ ಅಂತ ಬರ್ತದಲ್ಲ, ಸೈತಾನ ಆಸಿ ಹಚ್ಚಿ ಪರೀಕ್ಷಾ ಮಾಡೋದು, ನೀ ಅದನ್ನ ಪೊಲೀಸರು ಮನಿ ಹೊಕ್ಕು ಹುಡುಕೋದು ಅಂತ ತಿಳದು, ಆ ಮಾತು ಬಂದಾಗೊಮ್ಮೆ ಕದದ ಕಡೆ ನೋಡ್ತಿದ್ದಿ. ನಾವು ನಗ್ತಿದ್ದಿವಿ. ಈಗ ನಗು ಬರವಲ್ದು. ಅದು ಹೊರಗಿಂದ ಏನೂ ತರೋದಿಲ್ಲ ಅವ್ವಾ. ನಾವ ಮುಚ್ಚಿಟ್ಟದ್ದನ್ನ ಹುಡುಕಿ ಕೈಯಾಗ ಕೊಡ್ತದ. ಅದು ಬಾಗಿಲಿಗೆ ಬಂದದ್ದು ಪಾಪಲ್ಲ, ಕುರ್ಚಿ ಹಾಕಿ ಕೂಡಿಸಿದ್ರ ಪಾಪ ಅಂದ್ರು ಪಾಸ್ಟರ್ ಅಯ್ಯನೋರು. ನಾನು ಎರಡು ದಿನದಿಂದ ಕೂಡಿಸೀನಿ. ಹೊರಗಿಂದ ಯಾರೆ ಕರೆದ್ರ ಮೂರನೇ ಸಲಕ್ಕ ಓ ಅನ್ನು, ದೆವ್ವ ಒಂದ ಸಲ ಕರೀತದ ಅಂತಿದ್ದಿ. ಆದ್ರ ಅಡವ್ಯಾಗ ಯೇಸುಸ್ವಾಮಿ ಕಡೆ ಶೋಧಿಸಾಕ ಸೈತಾನ ಮೂರು ಸಲನೂ ಬಂದಿದ್ದ. ನಿನ್ನ ಎಣಿಕಿ ಇಲ್ಲಿ ನಡಿಯಂಗಿಲ್ಲ.

ರಾಜಶ್ರೀಗೆ, ಮಕ್ಕಳಿಗೆ ಆಶೀರ್ವಾದ. ಕಣ್ಣಿಗೆ ಔಷಧ ಹಾಕೋದು ಮರೀಬ್ಯಾಡ. ಕರ್ತನು ನಿನ್ನ ಕಾಯಲಿ. ನನ್ನ ಸಲುವಾಗಿ ಮೊಣಕಾಲು ಊರು.

ನಿನ್ನ ಮಗ
ದಾನೇಲಪ್ಪ

ತಾ.ಕ.: ಈಗ ರಾಜಶ್ರೀ ಫೋನ್ ಮಾಡಿದ್ಲು. "ಅಣ್ಣಾ, ನೀ ಹೇಳಿದಂಗ ಕೀಲಿ ಬಸ್ಸಿಗೆ ಕೊಟ್ಟೀನಿ." ನಾ ಹೇಳಿಲ್ಲ. ಮೊಬೈಲ್ ನೋಡಿದ್ರ ನನ್ನ ನಂಬರಿಂದ ಆಕಿಗೆ ಹನ್ನೆರಡು ಹತ್ತಕ್ಕ ಫೋನ್ ಹೋಗ್ಯದ. ಆ ಹೊತ್ತಿಗೆ ನಾ ಈ ಪತ್ರ ಬರಿಯಾಕತ್ತಿದ್ದೆ. ಬಸ್ಸು ಬರಾಕ ಮುಕ್ಕಾಲು ತಾಸು. ಶೇಕ್ಷಾವಲಿನ ಕರಸೀನಿ, ಗ್ಯಾಸ್ ಕಟರ್ ಹಚ್ಚಿ ಸ್ಕೂಟಿ ಮುಂದ ಕುಂತಾನ. ತಡಿ ಅಂತ ನನ್ನ ಬಾಯಿಂದ ಬರಬಾರದು ಅಂತ ಬಾಯಿ ತುಂಬ ನೀರು ತುಂಬಿಕೊಂಡು ಇದನ್ನ ಬರಿಯಾಕತ್ತೀನಿ. ಶೇಕ್ಷಾವಲಿ ತಲಿ ಎತ್ತಿ "ಏನಂದಿ?" ಅಂದ. ಮತ್ತ "ಯಾಕ ಬ್ಯಾಡ?" ಅಂದ. ಈಗ ಮೂರನೇ ಸಲ ಕಟರ್ ಇಳಿಸಿ ನನ್ನ ಬಾಯೇ ನೋಡಾಕತ್ತಾನ. ಕೈ ಎತ್ತಿ ತೋರಿಸಿದೆ, ಕೊಯ್ ಅಂತ.