ಕಲ್ಲಮ್ಮನ ಮಲ್ಲಿಗೆ ಯಾರ ವಹಿವಾಟು?

ನೋಟಿಸಿಗೆ ಸಹಿ ಹಾಕಿದ ತೆರಿಗೆ ಅಧಿಕಾರಿಗಳೇ, ಮಾನ್ಯರೇ,

ಕುಣಿಗಲ್‌ನ ಬೀದಿಯೊಂದರಲ್ಲಿ ಹಾಲು, ಮೊಟ್ಟೆ, ಬ್ರೆಡ್ ಮಾರುವ ನನ್ನನ್ನು ತಾವು ದೊಡ್ಡ ವ್ಯಾಪಾರಿ ಎಂದು ಘೋಷಿಸಿದ್ದೀರಿ. ನನ್ನ ಫೋನಿಗೆ ಬಂದ ಹಣವನ್ನೆಲ್ಲ ಕೂಡಿಸಿ, ಅಷ್ಟೂ ನನ್ನ ವ್ಯಾಪಾರವೆಂದು ತೀರ್ಮಾನಿಸಿ, ತೆರಿಗೆ, ಬಡ್ಡಿ, ದಂಡ ಮೂರನ್ನೂ ಕಟ್ಟು ಎಂದಿದ್ದೀರಿ. ತಿಂಗಳೊಳಗೆ ತಮಗೆ ಒಪ್ಪಿಗೆಯಾಗುವ ಉತ್ತರ ಬಾರದಿದ್ದರೆ ಖಾತೆ ಮುಟ್ಟುಗೋಲಂತೆ. ಬೆಳಿಗ್ಗೆ ಹಾಲಿನ ಗಾಡಿಗೆ ಹಣ ಹೋಗುವುದು ಆ ಖಾತೆಯಿಂದಲೇ. ಅದು ನಿಂತ ದಿನ ಅಂಗಡಿಯೂ ನಿಲ್ಲುತ್ತದೆ. ನನ್ನ ಗಂಡ ಖಲೀಲುಲ್ಲಾ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿರುವುದು ಈ ಅಂಗಡಿಯಿಂದ.

ಸ್ಕ್ಯಾನರ್ ನಾನು ಬೇಡಿ ಪಡೆದದ್ದಲ್ಲ. ನಗದು ಬಿಡಿ, ಫೋನಿನಲ್ಲೇ ತೆಗೆದುಕೊಳ್ಳಿ, ದೇಶ ಮುಂದುವರಿಯುತ್ತದೆ ಎಂದು ಹೇಳಿದ್ದು ಸರ್ಕಾರ. ಟೈ ಕಟ್ಟಿದ ಕಂಪನಿಯವರು ಬಂದು ಬ್ರೆಡ್ ಇಡುವ ಗಾಜಿನ ಪೆಟ್ಟಿಗೆಯ ಮೇಲೆ ಅಂಟಿಸಿ, ನನ್ನ ಫೋಟೊ ಹೊಡೆದುಕೊಂಡು ಹೋದರು. ಅಂದು ನಾನು ಪ್ರಗತಿಪರ ಮಹಿಳೆ, ಇಂದು ಆರೋಪಿ. ನೀತಿ ಬದಲಾಯಿಸುವುದು ತಮ್ಮ ಹಕ್ಕಿರಬಹುದು. ಬದಲಾಯಿಸುವ ಮುಂಚೆ ಒಬ್ಬರಾದರೂ ಬಂದು "ಇನ್ಮೇಲೆ ಹುಷಾರು ಕಣಮ್ಮ" ಎಂದಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು?

ಆ ಹಣ ಯಾರದೆಂದು ಈಗ ಕೇಳಿ. ನನ್ನ ಅಂಗಡಿಯ ಮೆಟ್ಟಿಲ ಪಕ್ಕ ಕಲ್ಲಮ್ಮ ಮಲ್ಲಿಗೆ, ಕನಕಾಂಬರ ಮಾರುತ್ತಿದ್ದಳು. ಅವಳದು ಗುಂಡಿ ಒತ್ತುವ ಹಳೆಯ ಫೋನು. ಹೂವು ಕೊಂಡವರು ನನ್ನ ಸ್ಕ್ಯಾನರ್‌ಗೆ ಹಣ ಹಾಕಿ, "ಮೆಹರಕ್ಕಾ, ಹೂವಿನ ದುಡ್ಡು ನಿಮ್ಗೆ ಹಾಕಿದೀನಿ, ಕೊಟ್ಬಿಡಿ" ಎಂದು ಕೂಗುತ್ತಿದ್ದರು. ನಾನು ಗಲ್ಲಾದಿಂದ ನಗದು ತೆಗೆದು ಅವಳ ಕೈಗಿಡುತ್ತಿದ್ದೆ. ಸೊಪ್ಪಿನವರದೂ ಹೀಗೇ, ಕಡಲೆಕಾಯಿ ಗಾಡಿಯವರದೂ ಹೀಗೇ. ಮೂಲೆಯ ಏಟಿಎಂನಲ್ಲಿ ಹಣವಿಲ್ಲದ ದಿನ, ಅಂದರೆ ಬಹುತೇಕ ದಿನ, ಫೋನಿಗೆ ಹಾಕಿಸಿಕೊಂಡು ನಗದು ಕೊಡುವ ನಾನೇ ಬೀದಿಗೆಲ್ಲ ಏಟಿಎಂ. ಯಡಿಯೂರಿಗೆ ಬೀದಿಯವರೆಲ್ಲ ಹೊರಟಾಗ ಬಸ್ಸಿನ ಬಾಡಿಗೆ ಕೂಡಿದ್ದೂ ನನ್ನ ಫೋನಿನಲ್ಲಿ. ಸಿದ್ಧಲಿಂಗೇಶ್ವರನ ದರ್ಶನಕ್ಕೆ ಹೋದವರ ಬಾಡಿಗೆಗೆ ಮೆಹರ್ ಬಾನು ತೆರಿಗೆ ಕಟ್ಟಬೇಕು! ಕೋಮು ಸೌಹಾರ್ದಕ್ಕೆ ತಮ್ಮ ಇಲಾಖೆ ಸಲ್ಲಿಸುತ್ತಿರುವ ಸೇವೆ ದೊಡ್ಡದು. ಇದಕ್ಕೆಲ್ಲ ನಾನು ಬಿಡಿಗಾಸು ಕಮಿಷನ್ ಮುಟ್ಟಿಲ್ಲ. ನಾವಿದನ್ನು ನೆರೆಹೊರೆ ಎನ್ನುತ್ತೇವೆ. ತಮ್ಮ ಕಂಪ್ಯೂಟರಿನಲ್ಲಿ ಅದಕ್ಕೆ ಬೇರೆ ಕಾಲಂ ಇಲ್ಲ.

ತೆರಿಗೆ ಕಟ್ಟುವುದಿಲ್ಲ ಎನ್ನುತ್ತಿಲ್ಲ. ಸೋಪಿನಿಂದ ಹಿಡಿದು ಮಾತ್ರೆಯವರೆಗೆ ಕೊಂಡಿದ್ದಕ್ಕೆಲ್ಲ ಕಟ್ಟಿಯೇ ಮನೆಗೆ ತರುತ್ತೇನೆ. ಉತ್ತರ ಕೊಡಲು ತುಮಕೂರಿನ ಕಚೇರಿಗೆ ಅಲೆದೆ. ಬಸ್ಸು ಹೆಂಗಸರಿಗೆ ಉಚಿತ, ಋಣಿ. ಆದರೆ ಆಡಿಟರ್ ಉಚಿತವಲ್ಲ, ಬಾಗಿಲು ಹಾಕಿದ ಅಂಗಡಿಯಲ್ಲಿ ಒಡೆದುಹೋದ ಹಾಲೂ ಉಚಿತವಲ್ಲ. ಕೊನೆಗೆ ಸ್ಕ್ಯಾನರ್ ಕಿತ್ತುಹಾಕಿದೆ. ಈಗ ಬೀದಿಯ ಹೆಂಗಸರು ಅರ್ಧ ಲೀಟರ್ ಹಾಲಿಗೂ ನಗದು ಹುಡುಕಿಕೊಂಡು ದೂರದ ಏಟಿಎಂಗೆ ಆಟೊದಲ್ಲಿ ಹೋಗುತ್ತಾರೆ. ಅಲ್ಲಿ ಮಿತಿ ದಾಟಿದರೆ ಬ್ಯಾಂಕಿನ ಶುಲ್ಕ ಬೇರೆ. ಚಿಲ್ಲರೆಯ ಬದಲು ನಾನು ಚಾಕೊಲೇಟ್ ಕೊಡುತ್ತೇನೆ, ಅವರು ಬೈದುಕೊಂಡು ಒಯ್ಯುತ್ತಾರೆ. ನೋಟಿಸ್ ಬಂದದ್ದು ನನಗೊಬ್ಬಳಿಗೆ, ದಂಡ ತೆರುತ್ತಿರುವುದು ಇಡೀ ಬೀದಿ.

ಕಲ್ಲಮ್ಮನ ಬುಟ್ಟಿಯಲ್ಲಿ ಹೂವು ಬಾಡತೊಡಗಿತು. ಒಂದು ಸಂಜೆ ಬುಟ್ಟಿ ಎತ್ತಿಕೊಂಡು ಎದ್ದೇಬಿಟ್ಟಳು.

"ಎಲ್ಲಿಗೆ ಹೊರಟೆ?" ಎಂದೆ.

"ನನ್ ಹೂವಿಂದ ನಿನ್ ಅಂಗ್ಡಿಗೆ ಕೇಸು ಬಂತಂತಲ್ಲ. ಬೇರೆ ಕಡೆ ಕೂರ್ತೀನಿ ಬುಡು."

"ನಿನ್ನಿಂದ ಅಲ್ಲ ಕಣೇ!"

"ಹಂಗಂತ ನೀನಂತೀಯ. ಆಫೀಸ್ನೋರು ಅಂತಾರಾ?"

ಅವಳು ತಿರುವು ದಾಟುವವರೆಗೂ ನೋಡುತ್ತಿದ್ದೆ, ಅಳು ಬಂತು. ಅಷ್ಟೇ ಸಿಟ್ಟೂ ಬಂತು, ತಮ್ಮ ಮೇಲೆ. ಮೆಟ್ಟಿಲ ಪಕ್ಕದ ಜಾಗ ಈಗಲೂ ಖಾಲಿ ಇದೆ.

ಸ್ಕ್ಯಾನರ್ ಕೀಳುವ ಮುಂಚಿನ ದಿನ ತಮ್ಮ ಕಚೇರಿಯವರೊಬ್ಬರು ಅಂಗಡಿ ಪರಿಶೀಲನೆಗೆ ಬಂದಿದ್ದರು. ಹೂವಿನ ಹಣದ ಕಥೆಯನ್ನೆಲ್ಲ ಹೇಳಿದೆ. "ಇದೆಲ್ಲ ನಂಬೋಕಾಗಲ್ಲಮ್ಮ, ದಾಖಲೆ ಬೇಕು" ಎಂದು ಎದ್ದರು. ಮೆಟ್ಟಿಲಿಳಿದವರು ಕಲ್ಲಮ್ಮನ ಹತ್ತಿರ ಎರಡು ಮೊಳ ಮಲ್ಲಿಗೆ ಕಟ್ಟಿಸಿಕೊಂಡರು. ಜೇಬು ತಡಕಿದರು, ನಗದಿಲ್ಲ. ಫೋನು ತೆಗೆದು ನನ್ನ ಸ್ಕ್ಯಾನರ್‌ಗೆ ಹಿಡಿದು, ನಡೆಯುತ್ತಲೇ ಕೂಗಿದರು: "ಮೇಡಂ, ಹೂವಿನ ದುಡ್ಡು ನಿಮ್ಗೆ ಹಾಕಿದೀನಿ, ಅವ್ರಿಗೆ ಕೊಟ್ಬಿಡಿ!"

ಕೊಟ್ಟೆ. ಆ ಹಣ ನನ್ನ ಫೋನಿನಲ್ಲಿ ಅವರದೇ ಹೆಸರಿನೊಂದಿಗೆ ಕೂತಿದೆ. ದಾಖಲೆ ಬೇಕೆಂದಿರಲ್ಲ, ತಮ್ಮವರೇ ಒದಗಿಸಿದ್ದಾರೆ. ಅದು ನನ್ನ ವ್ಯಾಪಾರವೋ, ಕಲ್ಲಮ್ಮನ ಮಲ್ಲಿಗೆಯೋ? ಅವರನ್ನೇ ಕೇಳಿ, ಲಿಖಿತವಾಗಿ ತಿಳಿಸಿ. ಮಲ್ಲಿಗೆ ಎಂದಾದರೆ ನೋಟಿಸ್ ಹಿಂಪಡೆಯಿರಿ. ಹಿಂಪಡೆದ ಕಾಗದವನ್ನು ಅಂಚೆಗೆ ಹಾಕಬೇಡಿ. ತಾವೇ ಕುಣಿಗಲ್‌ಗೆ ಬಂದು ಕಲ್ಲಮ್ಮನಿಗೆ ಓದಿ ಹೇಳಿ, ನನ್ನ ಮಾತನ್ನು ಅವಳು ನಂಬುತ್ತಿಲ್ಲ.

ಇಂತಿ,
ತಮ್ಮ ಕಡತದ ದೊಡ್ಡ ವ್ಯಾಪಾರಿ,
ಬೀದಿಯವರ ಪಾಲಿಗೆ ಹಾಲಿನ ಮೆಹರಕ್ಕ,
ಕುಣಿಗಲ್