ಸಂಜೀವಪ್ಪ ಬರೆದ ಆ ಒಂದು ಸಾಲು

ಚನ್ನರಾಯಪಟ್ಟಣ, ದೇವನಹಳ್ಳಿ ತಾಲ್ಲೂಕು
೧೪-೬-೧೯೪೫

ಚಿರಂಜೀವಿ ಅಮ್ಮಯಮ್ಮನಿಗೆ ನಿನ್ನ ಅತ್ತೆ ಅಂಜಿನಮ್ಮ ಮಾಡುವ ಆಶೀರ್ವಾದಗಳು.

ಕಾಗದ ತಡವಾಯಿತು, ಬೈಯಬೇಡ. ನಾಲ್ಕನೇ ಜ್ವರಕ್ಕೆ ಪೊರೆ ಕಳಚಿ ಎದ್ದ ರೇಷ್ಮೆಹುಳು ಸೊಪ್ಪು ತಿನ್ನುವ ಅಬ್ಬರದಲ್ಲಿ ಕೂರಲು ಬಿಡುವಿರಲಿಲ್ಲ. ಮೇಷ್ಟರ ಕೈಲಿ ಬರೆಸುವ ಮಾತಲ್ಲ ಇದು. ನನ್ನ ಸೊಟ್ಟ ಅಕ್ಷರವನ್ನೇ ಓದಿಕೋ.

ಮೊನ್ನೆ ದೇವನಹಳ್ಳಿಗೆ ಹೋಗಿ ಉಯಿಲು ಬರೆಸಿದೆ. ನಾನು ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಕೊಂಡ ಹಿಪ್ಪುನೇರಳೆ ತೋಟ ನನ್ನ ನಂತರ ನಿನ್ನದು. ಸಾಕ್ಷಿ ಹಾಕಲು ಮೈದುನ ಮುನಿವೆಂಕಟಪ್ಪನನ್ನೇ ಕರೆದುಕೊಂಡು ಹೋಗಿದ್ದೆ. ನನ್ನ ಬುದ್ಧಿಗಿಷ್ಟು!

ಉಯಿಲು, ಕ್ರಯಪತ್ರ ಬರೆಯುವ ಸಂಜೀವಪ್ಪ ಗಟ್ಟಿಯಾಗಿ ಓದಿದ: "ಸದರಿ ಸೊಸೆಯು ಮರುಮದುವೆಯಾಗದೆ ಮನೆತನದ ಮಾನ ಕಾಪಾಡಿಕೊಂಡು ಇರುವವರೆಗೆ ಮಾತ್ರ..."

"ಆ ಸಾಲು ಯಾರು ಹೇಳಿದ್ರು ನಿಂಗೆ?" ಎಂದೆ.

"ಯಾರೂ ಹೇಳ್ಬೇಕಾಗಿಲ್ಲ ಕಣಮ್ಮಾ. ಗಂಡ ಸತ್ತೋರ್ಗೆ ಬರೆಯೋ ಉಯಿಲಿಗೆಲ್ಲಾ ಹಾಕ್ತೀವಿ. ವಾಡಿಕೆ."

"ನಿನ್ ವಾಡಿಕೆ ನಿನ್ ಮನೇಲಿಟ್ಕೋ. ತೋಟ ನಂದು. ತೆಗೆದಾಕು."

ಮೈದುನನಿಗೆ ಮೈಯೆಲ್ಲಾ ಉರಿದುಹೋಯಿತು. "ಅಲ್ಲಾ ಅತ್ತಿಗೆ, ನಾಳೆ ಅವ್ಳು ಇನ್ನೊಬ್ಬನ ಕೈ ಹಿಡಿದ್ರೆ ನಮ್ ತೋಟ ಅವನ ಪಾಲಾಗಲ್ವಾ?"

"ನಿಮ್ ತೋಟ ಯಾವಾಗಾಯ್ತಪ್ಪಾ? ಸೊಪ್ಪು ಕೊಯ್ಯೋವಾಗ ನಿಮ್ ಕಡೆಯ ಒಂದು ನರಪಿಳ್ಳೇನೂ ಬರ್ಲಿಲ್ವಲ್ಲ!"

"ಕೋರ್ಟಿಗೆ ಎಳೀತೀನಿ!"

"ಎಳಿ. ಬರ್ತೀನಿ. ಬುತ್ತಿ ಕಟ್ಕೊಂಡೇ ಬರ್ತೀನಿ."

ಅವನು ಟವಲು ಕೊಡವಿಕೊಂಡು ಎದ್ದು ಹೋದ. ಸಂಜೀವಪ್ಪ ಆ ಸಾಲಿನ ಮೇಲೆ ಗೀಟು ಎಳೆಯಲು ಹೋದ. ಬೇಡವೆಂದೆ. ಗೀಟು ಎಳೆದರೆ ನಾಳೆ ತಕರಾರಿಗೆ ಅದೇ ನೆಪ. ಹೊಸ ಕಾಗದದಲ್ಲಿ ಮೊದಲಿನಿಂದ ಬರೆಸಿದೆ. ನಮ್ಮ ಗೂಡು ಕೊಳ್ಳುವ ಹನುಮಂತರಾಯಪ್ಪ, ಅವರ ಜೊತೆಗಿದ್ದ ದೊಡ್ಡಮುನಿಯಪ್ಪ ಸಾಕ್ಷಿ ಹಾಕಿದರು. ರಿಜಿಸ್ಟರೂ ಆಯಿತು.

ಈಗ ನಿನ್ನ ವಿಷಯ. ಸೂಲಿಬೆಲೆಯ ಗೋಪಾಲಪ್ಪ ನಿನ್ನನ್ನು ಕೇಳಿಕೊಂಡು ಕುಂದಾಣದ ನಿನ್ನ ತವರಿಗೆ ಎರಡು ಸಲ ಬಂದನಂತೆ. ತೋಟ ಕೈತಪ್ಪುತ್ತದೆಂದು ನಿಮ್ಮಪ್ಪ ಬಾಯಿ ಬಿಡುತ್ತಿಲ್ಲ, ನೀನು ಅಳುತ್ತಾ ಕೂತಿದ್ದೀಯಂತೆ. ತೋಟ ಎಲ್ಲೂ ಹೋಗುವುದಿಲ್ಲ. ನನ್ನ ಮಗ ಹೋಗಿ ಮೂರು ವರ್ಷವಾಯಿತು, ಅವನನ್ನು ನೀನು ಚೆನ್ನಾಗಿ ನೋಡಿಕೊಂಡೆ. ಜನ ಆಡಿಕೊಂಡರೆ ಆಡಿಕೊಳ್ಳಲಿ, ನಮಗೇನು ಅವರು ಅನ್ನ ಹಾಕುತ್ತಾರೆಯೇ. ನಿನಗೆ ಮನಸ್ಸಿದ್ದರೆ ಹೂಂ ಅನ್ನು.

ಮುಂದಿನ ಕಾಗದದ ತಲೆಯಲ್ಲಿ ಸೌಭಾಗ್ಯವತಿ ಎಂದು ಬರೆಯುವ ಹಾಗೆ ಮಾಡು, ಮಗಳೇ. ನೂರು ಕಾಲ ತಣ್ಣಗೆ ಬಾಳು.

ನಿನ್ನ ಅತ್ತೆ
ಅಂಜಿನಮ್ಮ

ಮತ್ತೆ: ಇದನ್ನು ಬೇಕೆಂದೇ ಕೊನೆಗೆ ಇಟ್ಟೆ. ನಿನ್ನ ಮಾವನ ಉಯಿಲಿನಲ್ಲೂ ಆ ಸಾಲಿತ್ತು. ಮರುಮದುವೆಯಾದರೆ ನಾನು ಮನೆ ಬಿಡಬೇಕು, ಮನೆ ಮೈದುನನಿಗೆ. ಆಗ ನನಗೂ ನಿನ್ನದೇ ವಯಸ್ಸು. ವಿಜಯಪುರದ ರಾಮಾಂಜಿನಪ್ಪ ಎಂಬವರು ಕೇಳಿದ್ದರು. ನನಗೆ ಮನಸ್ಸಿತ್ತು, ತುಂಬಾ ಇತ್ತು. ಮನೆ ಉಳಿಸಿಕೊಂಡೆ. ಈ ಯುಗಾದಿಯ ಹೊತ್ತಿಗೆ ಅವರು ತೀರಿಕೊಂಡರೆಂದು ಸಂತೆಯಲ್ಲಿ ಯಾರೋ ಅಂದರು. ಸಾವಿನ ಸುದ್ದಿ ಕೇಳಿದರೆ ನೆಂಟರು ತಲೆಗೆ ನೀರು ಹಾಕಿಕೊಳ್ಳುತ್ತಾರೆ. ನಾನು ಅವರಿಗೆ ಏನೂ ಅಲ್ಲ. ಆದರೂ ಮನೆಗೆ ಬಂದು ಹಾಕಿಕೊಂಡೆ. ಮೈದುನ ಏಕೆಂದು ಕೇಳಿದ. ಸೆಕೆ ಎಂದೆ.